ನಿಮಗಿದು ಗೊತ್ತೆ? ಹಿಮದುಂಡೆ ಎಸೆದು ಸುಟ್ಟ ಗಾಯದ ನೋವು ಮರೆಯಬಹುದು!

ಕೈ ಸುಟ್ಟವರಿಗೆ ಗಾಯ ಮಾಯುವ ಕಾಲವೂ ಕಠಿಣವೇ. ಹೊಸ ಚರ್ಮ ಬಿಗಿದುಕೊಂಡು ಬೆರಳು ಸೆಟೆದು ನಿಲ್ಲಬಾರದೆಂದರೆ ಒಂದೊಂದೇ ಗೆಣ್ಣನ್ನು ದಿನವೂ ಬಗ್ಗಿಸಿ ಚಾಚಿಸಬೇಕು. ಔಷಧ ಕೊಟ್ಟರೂ ಆ ಹೊತ್ತಿನ ಯಾತನೆ ಪೂರ್ತಿ ಅಡಗದು.

ಅಮೆರಿಕದ ಸಿಯಾಟಲ್‌ನಲ್ಲಿ ಸಂಶೋಧಕರಾದ ಹಂಟರ್ ಹಾಫ್‌ಮನ್ ಮತ್ತು ಡೇವಿಡ್ ಪ್ಯಾಟರ್ಸನ್ 1996ರಲ್ಲಿ ಈ ನೋವಿಗೆ ವರ್ಚುವಲ್ ರಿಯಾಲಿಟಿಯ ಮದ್ದು ಹುಡುಕಹೊರಟರು. ಮುಂದೆ ಸುಟ್ಟಗಾಯದ ರೋಗಿಗಳಿಗೆಂದೇ 'ಸ್ನೋವರ್ಲ್ಡ್' ಎಂಬ ಆಟ ರೂಪುಗೊಂಡಿತು. ಹೆಡ್‌ಸೆಟ್ ಧರಿಸಿದ ರೋಗಿ ಹಿಮದ ಕಣಿವೆಯಲ್ಲಿ ತೇಲುತ್ತಾ ಪೆಂಗ್ವಿನ್, ಹಿಮದ ಗೊಂಬೆಗಳತ್ತ ಹಿಮದುಂಡೆ ಎಸೆಯುತ್ತಾನೆ. ಅತ್ತ ಚಿಕಿತ್ಸೆ ನಡೆಯುತ್ತಿರುತ್ತದೆ. ನೋವು ಅನುಭವಕ್ಕೆ ಬರಲು ಗಮನ ಬೇಕು. ಆ ಗಮನವನ್ನೇ ಆಟ ಕಸಿದುಕೊಳ್ಳುತ್ತದೆ. ಇದು ಬರೀ ಭ್ರಮೆಯಲ್ಲ: ಪರೀಕ್ಷೆಗೆಂದು ನೋವು ಉಂಡು ಈ ಆಟವಾಡಿದ ಆರೋಗ್ಯವಂತ ಸ್ವಯಂಸೇವಕರ ಮಿದುಳಿನ ಸ್ಕ್ಯಾನ್‌ನಲ್ಲೂ ನೋವಿನ ಚಟುವಟಿಕೆ ತಗ್ಗಿದ್ದು 2004ರಲ್ಲಿ ಕಂಡುಬಂತು. ಹಾಗೆಂದು ಔಷಧ ಬಿಡುವಂತಿಲ್ಲ, ಇದು ಅದರ ಜೊತೆಗಾರ.

ದಕ್ಷಿಣ ಕೊರಿಯಾದ ವೈದ್ಯರು ಇನ್ನೂ ಮುಂದೆ ಹೋಗಿ, ಕೈ ಸುಟ್ಟವರಿಗೆ ಸೆನ್ಸರ್ ಗ್ಲೌಸ್ ತೊಡಿಸಿ ವ್ಯಾಯಾಮವನ್ನೇ ಆಟವಾಗಿಸಿದ್ದಾರೆ. ರೋಗಿ ಬೆರಳು ಮಡಚಿದರೆ ಪರದೆಯ ಮೇಲಿನ ಕೈ ಕಿತ್ತಳೆ ಹಿಂಡುತ್ತದೆ!