ನಟನೆಗೆ ಪ್ರಶಸ್ತಿ: ಊಹೆಯೇ ಬೇರೆ, ತೀರ್ಪೇ ಬೇರೆ

2021ರ ಏಪ್ರಿಲ್ 25ರ ರಾತ್ರಿ ಲಾಸ್ ಏಂಜಲೀಸಿನ ಆಸ್ಕರ್ ಸಮಾರಂಭದಲ್ಲಿ ಹಳೆಯ ವಾಡಿಕೆಯೊಂದು ಮುರಿಯಿತು. ಕೊನೆಗೆ ಘೋಷಣೆಯಾಗುವ ಅತ್ಯುತ್ತಮ ಚಿತ್ರದ ಪ್ರಶಸ್ತಿಯನ್ನು ಮೊದಲೇ ಕೊಟ್ಟು, ಅತ್ಯುತ್ತಮ ನಟನ ಹೆಸರನ್ನು ಕಟ್ಟಕಡೆಗೆ ಉಳಿಸಿಕೊಳ್ಳಲಾಯಿತು. ಹಿಂದಿನ ಆಗಸ್ಟಿನಲ್ಲಿ ತೀರಿಕೊಂಡಿದ್ದ ಚಾಡ್‌ವಿಕ್ ಬೋಸ್‌ಮನ್ ಅವರಿಗೇ ಅದು ಸಲ್ಲುವುದೆಂದು ಹೆಚ್ಚಿನ ಮುನ್ನೂಹೆಗಾರರು ಸಾರಿದ್ದರು. ಲಕೋಟೆಯಿಂದ ಹೊರಬಂದ ಹೆಸರು ಆಂಥನಿ ಹಾಪ್ಕಿನ್ಸ್. ಎಂಬತ್ತಮೂರರ ಆ ನಟ ಸಭೆಯಲ್ಲಿರಲಿಲ್ಲ, ತಾಯ್ನಾಡಾದ ವೇಲ್ಸಿನಲ್ಲಿದ್ದರು. ವಿಜೇತರ ಭಾಷಣವಿಲ್ಲದೆ ಸಮಾರಂಭ ಥಟ್ಟನೆ ಮುಗಿಯಿತು.

ಊಹೆ ತಪ್ಪಿತು, ನಿಜ. ಆದರೆ ತೀರ್ಪು ತಪ್ಪಿತೇ? ‘ದ ಫಾದರ್’ ಚಿತ್ರದಲ್ಲಿ ನೆನಪು ಜಾರುತ್ತಿರುವ ವೃದ್ಧನಾಗಿ ಹಾಪ್ಕಿನ್ಸ್ ಅವರನ್ನು ಕಂಡವರು ಹಾಗೆಂದು ಸುಲಭವಾಗಿ ಹೇಳಲಾರರು. ಪ್ರಶಸ್ತಿಯ ಕುರಿತ ಚರ್ಚೆಗಳಲ್ಲಿ ಈ ಎರಡು ಪ್ರಶ್ನೆಗಳು ಸದಾ ಬೆರೆತುಹೋಗುತ್ತವೆ.

ಮತದಾರರನ್ನು ತೂಗುವ ವಿದ್ಯೆ

ಆಸ್ಕರ್ ಸ್ಪರ್ಧೆಗೆ ನಟನಟಿಯರನ್ನು ನಾಮಕರಣ ಮಾಡುವವರು ಅಕಾಡೆಮಿಯ ನಟರ ವಿಭಾಗದವರು. ಅಂತಿಮ ಮತ ಚಲಾಯಿಸುವ ಹಕ್ಕು ಮಾತ್ರ ಎಲ್ಲ ವಿಭಾಗಗಳ ಸಾವಿರಾರು ಸದಸ್ಯರಿಗೂ ಉಂಟು. ಅದು ಗುಪ್ತ ಮತದಾನ. ಸದಸ್ಯರು ಕಲೆತು ಚರ್ಚಿಸುವುದಿಲ್ಲ. ಕಾರಣ ಕೊಡಬೇಕಾದ ಹೊಣೆಯೂ ಯಾರಿಗಿಲ್ಲ. ಸ್ಪರ್ಧೆಯಲ್ಲಿರುವ ಎಲ್ಲ ಚಿತ್ರಗಳನ್ನೂ ನೋಡಿದವರೇ ಆ ವಿಭಾಗದಲ್ಲಿ ಮತ ಹಾಕಬೇಕೆಂಬ ನಿಯಮವನ್ನು ಅಕಾಡೆಮಿ ಪ್ರಕಟಿಸಿದ್ದೇ 2025ರಲ್ಲಿ.

ಇಂಥ ಕಡೆ ಊಹಿಸುವವನು ನಟನೆಯನ್ನು ತೂಗುವುದಿಲ್ಲ, ಮತದಾರರನ್ನು ತೂಗುತ್ತಾನೆ. ಅಮೆರಿಕದ ನಟರ ಸಂಘದ ಪ್ರಶಸ್ತಿ ಯಾರಿಗೆ ಹೋಯಿತು, ಬ್ರಿಟನ್ನಿನ ಬಾಫ್ಟಾ ಯಾರಿಗೆ ಒಲಿಯಿತು ಎಂದು ನೋಡುತ್ತಾನೆ. ಅಲ್ಲಿನ ಮತದಾರರಲ್ಲಿ ಕೆಲವರು ಅಕಾಡೆಮಿಯಲ್ಲೂ ಇರುತ್ತಾರೆ. 2021ರಲ್ಲಿ ಮೊದಲನೆಯದು ಬೋಸ್‌ಮನ್ ಅವರದಾಗಿತ್ತು, ಎರಡನೆಯದು ಹಾಪ್ಕಿನ್ಸ್ ಅವರದು. 2019ರಲ್ಲಿ ಏಳನೆಯ ಸಲ ನಾಮಕರಣಗೊಂಡ ಗ್ಲೆನ್ ಕ್ಲೋಸ್ ಅವರ ಸರದಿ ಬಂತೆಂದೇ ಹಲವರು ಎಣಿಸಿದ್ದರು. ನಟರ ಸಂಘದ ಪ್ರಶಸ್ತಿಯೂ ಅವರಿಗೆ ದೊರೆತಿತ್ತು. ಗೆದ್ದವರು ಬಾಫ್ಟಾ ಪಡೆದಿದ್ದ ಒಲಿವಿಯಾ ಕೋಲ್ಮನ್. ‘ಸರದಿ’ ಎಂಬ ಮಾತೇ ಗಮನಾರ್ಹ. ಚುನಾವಣೆಯ ಸಮೀಕ್ಷೆಯಲ್ಲಿ ಅದಕ್ಕೆ ಸ್ಥಾನವುಂಟು, ಅಭಿನಯದ ವಿಮರ್ಶೆಯಲ್ಲಿ ಇಲ್ಲ.

ಮುಚ್ಚಿದ ಕೋಣೆಯ ತೀರ್ಪು

ನಮ್ಮ ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿಯ ದಾರಿ ಬೇರೆ. 1967ರ ಚಿತ್ರಗಳಿಂದ ಆರಂಭಿಸಿ ನಟನಟಿಯರನ್ನು ಗೌರವಿಸುತ್ತಿರುವ ಈ ಪ್ರಶಸ್ತಿಯನ್ನು ಬೆರಳೆಣಿಕೆಯ ತೀರ್ಪುಗಾರರು ಚಿತ್ರ ನೋಡಿ, ಚರ್ಚಿಸಿ ನಿರ್ಧರಿಸುತ್ತಾರೆ. ಈಗಿನ ಕ್ರಮದಲ್ಲಿ ಪ್ರಾದೇಶಿಕ ಮಂಡಳಿಗಳು ಮೊದಲು ಆರಿಸಿ ಕಳುಹಿಸುತ್ತವೆ, ಕೇಂದ್ರ ಮಂಡಳಿ ಕೊನೆಯ ಮಾತು ಹೇಳುತ್ತದೆ. ಮಂಡಳಿ ವರ್ಷವರ್ಷವೂ ಬದಲಾಗುವುದರಿಂದ ಇಲ್ಲಿ ಊಹೆಗೆ ಆಧಾರವೇ ಕಡಿಮೆ.

ಕನ್ನಡಕ್ಕೆ ದಕ್ಕಿದ ಗೌರವಗಳನ್ನು ನೋಡಿದರೆ ಇದು ತಿಳಿಯುತ್ತದೆ. 1973ರಲ್ಲಿ ‘ಕಾಡು’ ಚಿತ್ರಕ್ಕಾಗಿ ನಂದಿನಿ ಭಕ್ತವತ್ಸಲ, 1975ರಲ್ಲಿ ‘ಚೋಮನ ದುಡಿ’ಯ ಚೋಮನಾಗಿ ಎಂ.ವಿ. ವಾಸುದೇವರಾವ್, 1986ರಲ್ಲಿ ‘ತಬರನ ಕಥೆ’ಯ ಚಾರುಹಾಸನ್, 2004ರಲ್ಲಿ ‘ಹಸೀನಾ’ದ ತಾರಾ, 2014ರಲ್ಲಿ ‘ನಾನು ಅವನಲ್ಲ ಅವಳು’ ಚಿತ್ರದ ಸಂಚಾರಿ ವಿಜಯ್, 2022ರಲ್ಲಿ ‘ಕಾಂತಾರ’ದ ರಿಷಬ್ ಶೆಟ್ಟಿ. ಕೊನೆಯ ಹೆಸರನ್ನು ಬಿಟ್ಟರೆ ಗಲ್ಲಾಪೆಟ್ಟಿಗೆಯನ್ನು ನೋಡಿ ಊಹಿಸಬಹುದಾದವರು ಇವರಲ್ಲಿ ಇಲ್ಲ. ಕನ್ನಡಿಗರ ಪಾಲಿಗೆ ಅಭಿನಯಕ್ಕೆ ಮತ್ತೊಂದು ಹೆಸರೇ ಆಗಿದ್ದ ರಾಜಕುಮಾರ್ ಅವರಿಗೆ ಇದೇ ಪ್ರಶಸ್ತಿ ಬಂದದ್ದು ಹಾಡಿಗೆ, 1992ರ ‘ಜೀವನ ಚೈತ್ರ’ದ ಗಾಯನಕ್ಕಾಗಿ!

ಮಲಯಾಳದಲ್ಲೂ ಹೀಗೆಯೇ. ಹಾಸ್ಯನಟರೆಂದೇ ಜನ ಬಲ್ಲ ಸಲೀಂ ಕುಮಾರ್ 2010ರಲ್ಲಿ ‘ಆದಾಮಿಂಡೆ ಮಗನ್ ಅಬು’ ಚಿತ್ರಕ್ಕೂ, ಸುರಾಜ್ ವೆಞ್ಞಾರಮೂಡ್ 2013ರಲ್ಲಿ ‘ಪೇರರಿಯಾತ್ತವರ್’ ಚಿತ್ರಕ್ಕೂ ದೇಶದ ಶ್ರೇಷ್ಠ ನಟರೆನಿಸಿಕೊಂಡರು. ನಗಿಸುವವರ ಸಾಲಿನಲ್ಲಿ ಅವರನ್ನು ಕೂರಿಸಿದ್ದ ಪ್ರೇಕ್ಷಕರಿಗೆ ಕಾಣದೆ ಉಳಿದದ್ದನ್ನು ಮಂಡಳಿಗಳು ಕಂಡವು.

ಕಾರಣ ಹೇಳುವ ಹೊಣೆ

ಆದರೆ ಕೋಣೆಯ ಬಾಗಿಲು ಮುಚ್ಚಿರುವುದರಿಂದ ಸಂಶಯಕ್ಕೂ ಎಡೆಯುಂಟು. 2016ರ ಚಿತ್ರಗಳಿಗಾಗಿ ಅಕ್ಷಯ್ ಕುಮಾರ್ ‘ರುಸ್ತುಂ’ ಚಿತ್ರದ ನಟನೆಗೆ ಆಯ್ಕೆಯಾದಾಗ, ಅವರೊಂದಿಗೆ ಹಲವು ಚಿತ್ರ ಮಾಡಿದ್ದ ಪ್ರಿಯದರ್ಶನ್ ಮಂಡಳಿಯ ಅಧ್ಯಕ್ಷರಾಗಿದ್ದುದು ಟೀಕೆಗೆ ಗುರಿಯಾಯಿತು. ಅದೇ ಮಂಡಳಿ ‘ಮಿನ್ನಾಮಿನುಙ್ಙ್’ ಎಂಬ ಸಣ್ಣ ಮಲಯಾಳಂ ಚಿತ್ರದ ಸುರಭಿ ಲಕ್ಷ್ಮಿಯವರನ್ನು ಶ್ರೇಷ್ಠ ನಟಿಯಾಗಿ ಆರಿಸಿತ್ತೆಂಬುದು ಆ ಗದ್ದಲದಲ್ಲಿ ಮರೆತುಹೋಯಿತು. ನ್ಯಾಯ ನಡೆದರೆ ಸಾಲದು, ನಡೆದಂತೆ ಕಾಣಲೂ ಬೇಕು ಎಂಬ ತತ್ತ್ವ ಇಲ್ಲಿಗೂ ಅನ್ವಯಿಸುತ್ತದೆ.

ಇಂಥ ಸಂಶಯಗಳಿಗೆ ನ್ಯಾಯಾಲಯದಲ್ಲಿ ಮದ್ದು ಸಿಗುವುದು ವಿರಳ. 2023ರಲ್ಲಿ ಕೇರಳ ರಾಜ್ಯ ಚಲನಚಿತ್ರ ಪ್ರಶಸ್ತಿಯ ತೀರ್ಪುಗಾರರ ಮೇಲೆ ಪ್ರಭಾವ ಬೀರಲಾಗಿದೆಯೆಂಬ ಅರ್ಜಿಯನ್ನು ಹೈಕೋರ್ಟು ವಜಾಗೊಳಿಸಿತು. ಸುಪ್ರೀಂ ಕೋರ್ಟೂ ಮಧ್ಯಪ್ರವೇಶಿಸಲಿಲ್ಲ. ಯಾರ ನಟನೆ ಮೇಲು ಎಂಬುದನ್ನು ನ್ಯಾಯಾಧೀಶರು ನಿರ್ಣಯಿಸಲಾಗದು, ನಿರ್ಣಯಿಸಲೂಬಾರದು.

ಮದ್ದು ಬೇರೆಡೆ ಇದೆ. ನ್ಯಾಯಿಕ ಆದೇಶಕ್ಕೆ ಕಾರಣಗಳು ಕಡ್ಡಾಯ. ಸೋತವನಿಗೂ ತಾನೇಕೆ ಸೋತೆನೆಂದು ಅದನ್ನು ಓದಿ ತಿಳಿಯುವ ಹಕ್ಕಿದೆ. ಪ್ರಶಸ್ತಿಯ ಜತೆ ಬರುವ ಪ್ರಶಂಸಾವಾಕ್ಯವೋ ಸಾಮಾನ್ಯವಾಗಿ ಒಂದೆರಡು ಸಾಲು. ‘ಮನೋಜ್ಞ’, ‘ಪರಿಣಾಮಕಾರಿ’ ಎಂಬಂಥ ಪದಗಳನ್ನು ಯಾವ ನಟನಿಗೆ ಬೇಕಾದರೂ ಅಂಟಿಸಬಹುದು. ಯಾವ ದೃಶ್ಯ, ಯಾವ ಮೌನ, ಮಾತಿನ ಯಾವ ಏರಿಳಿತ ಮನಸ್ಸನ್ನು ಗೆದ್ದಿತೆಂದು ಮಂಡಳಿ ಒಂದು ಪುಟ ಬರೆದರೆ ಸಂಶಯ ಅರ್ಧ ಕರಗೀತು. ಸಣ್ಣ ಭಾಷೆಯವರಿಗೆ ಇದು ಇನ್ನೂ ಅಗತ್ಯ. ಕನ್ನಡ ಬಾರದ ತೀರ್ಪುಗಾರ ಚೋಮನನ್ನು ಅಡಿಬರಹದ ಮೂಲಕವೇ ಅರಿಯಬೇಕು. ಆಡುನುಡಿಯ ಸೊಗಡನ್ನು ಅಡಿಬರಹ ದಾಟಿಸುವುದಿಲ್ಲ. ಭಾಷೆ ಬಲ್ಲ ಪ್ರಾದೇಶಿಕ ಮಂಡಳಿ ಅದನ್ನು ಬರೆದು ಕಳುಹಿಸಿದರೆ ಮಾತ್ರ ಕೇಂದ್ರ ಮಂಡಳಿಗೆ ತಲುಪೀತು.

ಈ ವಿಷಯದಲ್ಲಿ ಗಡಿನಾಡಿನ ಪ್ರೇಕ್ಷಕನಿಗೆ ಅಪೂರ್ವ ಅನುಕೂಲವಿದೆ. ಕಾಸರಗೋಡಿನವನು ಕನ್ನಡವನ್ನೂ ಮಲಯಾಳವನ್ನೂ ಅಡಿಬರಹದ ಹಂಗಿಲ್ಲದೆ ಕೇಳಬಲ್ಲ. ಮುಂದಿನ ಪ್ರಶಸ್ತಿ ಪ್ರಕಟವಾಗುವ ಮುನ್ನ ಯಾರು ಗೆಲ್ಲುವರೆಂದು ಪಂಥ ಕಟ್ಟುವ ಬದಲು, ತಾನು ಮೆಚ್ಚಿದ ನಟ ಏನು ಮಾಡಿದನೆಂದು ಅವನು ನಾಲ್ಕು ವಾಕ್ಯ ಬರೆದಿಡಲಿ. ಪ್ರಶಸ್ತಿ ಬಂದ ಮೇಲೆ ಮಂಡಳಿಯ ಎರಡು ಸಾಲಿನ ಪಕ್ಕದಲ್ಲಿಟ್ಟು ಓದಲಿ. ಊಹೆ ತಪ್ಪಿದ್ದರೂ ತೀರ್ಪು ಅವನದೇ ಮೇಲಾಗಿರಬಹುದು.