ರಣಹದ್ದು ಗಣತಿ: ಹಕ್ಕಿ ಎಣಿಸಿದರೆ ಸಾಕೇ, ಔಷಧದ ಅಂಗಡಿಗೂ ಹೋಗಬೇಕೇ?

ಬಂಡೀಪುರ, ನಾಗರಹೊಳೆ, ಬಿಳಿಗಿರಿರಂಗನಬೆಟ್ಟ, ಪಕ್ಕದ ಮುದುಮಲೈ, ಸತ್ಯಮಂಗಲ, ವಯನಾಡು. ಕರ್ನಾಟಕ, ತಮಿಳುನಾಡು, ಕೇರಳದ ಅರಣ್ಯ ಇಲಾಖೆಗಳು ಒಟ್ಟಾಗಿ ಈ ಭಾಗದ ಕಾಡುಗಳಲ್ಲಿ 2023ರ ಫೆಬ್ರುವರಿಯಲ್ಲಿ ರಣಹದ್ದುಗಳನ್ನು ಎಣಿಸಿದಾಗ ಸಿಕ್ಕಿದ್ದು 246. ಅದೇ ವರ್ಷದ ಡಿಸೆಂಬರ್‌ನಲ್ಲಿ ಮತ್ತೆ ಎಣಿಸಿದಾಗ 320.

ಇಂಥ ಸುದ್ದಿ ಬಂದಾಗ ನಮ್ಮಂಥ ಡೆಸ್ಕಿನವರು 'ರಣಹದ್ದುಗಳ ಸಂಖ್ಯೆ ಏರಿಕೆ' ಎಂದು ಶೀರ್ಷಿಕೆ ಕೊಟ್ಟು ಮುಂದಿನ ಸುದ್ದಿಗೆ ಹೋಗುತ್ತೇವೆ. ಆದರೆ ಒಂದು ನಿಮಿಷ ಯೋಚಿಸಿ. ಇದು ವರ್ಷಕ್ಕೆ ಒಂದೇ ಮೊಟ್ಟೆ ಇಡುವ ಹಕ್ಕಿ. ಹುಟ್ಟಿದ ಮರಿ ತಾನೇ ಮರಿ ಮಾಡುವ ಹಂತಕ್ಕೆ ಬರಲು ಸುಮಾರು ಐದು ವರ್ಷ ಬೇಕು. ಹೀಗಿರುವಾಗ ಹತ್ತು ತಿಂಗಳಲ್ಲಿ ಸಂಖ್ಯೆ ಶೇ 30ರಷ್ಟು ಬೆಳೆಯುವುದು ಹೇಗೆ? ಹೆಚ್ಚಾಗಿದ್ದು ಕಣ್ಣಿಗೆ ಬಿದ್ದ ಹಕ್ಕಿಗಳು. ಅವು ಹುಟ್ಟಿ ಹೆಚ್ಚಾದವು ಎಂದು ಈ ಅಂಕಿಯಿಂದ ಹೇಳಲಾಗದು.

ಹಾಗೆಂದು ಗಣತಿ ವ್ಯರ್ಥವಲ್ಲ. ರಣಹದ್ದು ಆಹಾರ ಹುಡುಕುತ್ತಾ ದಿನಕ್ಕೆ ಹತ್ತಾರು ಕಿಲೋಮೀಟರ್ ಹಾರುತ್ತದೆ. ಬೆಳಿಗ್ಗೆ ಮುದುಮಲೈಯಲ್ಲಿದ್ದ ಹಕ್ಕಿ ಮಧ್ಯಾಹ್ನ ಬಂಡೀಪುರದಲ್ಲಿ ಕಂಡರೆ ಒಂದೇ ಹಕ್ಕಿ ಎರಡು ರಾಜ್ಯಗಳ ಲೆಕ್ಕಕ್ಕೆ ಬರುತ್ತದೆ. ಅದಕ್ಕೇ ಮೂರೂ ರಾಜ್ಯಗಳಲ್ಲಿ ಒಂದೇ ದಿನ, ಒಂದೇ ಹೊತ್ತಿಗೆ ಎಣಿಸುವ ಪದ್ಧತಿ ಬಂದಿದೆ. ದೇಶದ ಮಟ್ಟದಲ್ಲಿ ನಡೆಯುವ ಸಮೀಕ್ಷೆಯ ವಿಧಾನ ಬೇರೆ. 1990ರ ದಶಕದ ಆರಂಭದಲ್ಲಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯವರು ವಾಹನದಲ್ಲಿ ಹೋಗಿ ಬೇಟೆಹಕ್ಕಿಗಳನ್ನು ಎಣಿಸಿದ್ದರು. 2000ದಿಂದ ಮುಂದೆ ಕೆಲವು ವರ್ಷಗಳಿಗೊಮ್ಮೆ ಅದೇ ರಸ್ತೆಗಳಲ್ಲಿ ಮತ್ತೆ ಸಾಗಿ ಲೆಕ್ಕ ಹಾಕಿದರು. ಹಳೆಯ ಲೆಕ್ಕ ಇದ್ದದ್ದರಿಂದಲೇ ಎಷ್ಟು ಕಳೆದುಕೊಂಡೆವು ಎಂಬುದು ಗೊತ್ತಾಯಿತು. 1992ರಿಂದ 2007ರ ನಡುವೆ ಬಿಳಿ ಬೆನ್ನಿನ ರಣಹದ್ದು ಶೇ 99.9ರಷ್ಟು ಕುಸಿದಿತ್ತು. ಅಂದರೆ ಸಾವಿರ ಇದ್ದಲ್ಲಿ ಒಂದು. ಉದ್ದ ಕೊಕ್ಕಿನ ಮತ್ತು ಸಪೂರ ಕೊಕ್ಕಿನ ರಣಹದ್ದುಗಳು ಶೇ 97ರಷ್ಟು ಕಡಿಮೆಯಾಗಿದ್ದವು.

ಕೊಂದದ್ದು ಯಾವುದು?

ರಾಜಸ್ಥಾನದ ಭರತ್‌ಪುರದ ಕೇವಲಾದೇವ್ ಉದ್ಯಾನದಲ್ಲಿ ಹಕ್ಕಿಗಳು ಕತ್ತು ಜೋತುಬಿಟ್ಟು ಕೂತು, ಮರದಿಂದ ಬಿದ್ದು ಸಾಯುತ್ತಿರುವುದನ್ನು ವಿಭು ಪ್ರಕಾಶ್ ಮೊದಲು ಗಮನಿಸಿದರು. ಯಾವುದೋ ವೈರಸ್ ಇರಬೇಕೆಂಬ ಅನುಮಾನ ಹಲವರಿಗಿತ್ತು. ಉತ್ತರ ಸಿಕ್ಕಿದ್ದು ಪಾಕಿಸ್ತಾನದಲ್ಲಿ. ಲಿಂಡ್ಸೆ ಓಕ್ಸ್ ಮತ್ತು ಸಂಗಡಿಗರು ಸತ್ತ ಹಕ್ಕಿಗಳನ್ನು ಸೀಳಿ ನೋಡಿದಾಗ ಒಳಗಿನ ಅಂಗಗಳ ಮೇಲೆ ಸುಣ್ಣ ಬಳಿದಂತೆ ಯೂರಿಕ್ ಆಮ್ಲ ಕೂತಿತ್ತು. ಮೂತ್ರಪಿಂಡ ಕೆಲಸ ನಿಲ್ಲಿಸಿತ್ತು. ಆ ಹಕ್ಕಿಗಳ ದೇಹದಲ್ಲಿ ಡೈಕ್ಲೋಫೆನಾಕ್ ಇತ್ತು. ಈ ಅಧ್ಯಯನ 2004ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಪ್ರಕಟವಾಯಿತು.

ಡೈಕ್ಲೋಫೆನಾಕ್ ನಮಗೆ ಹೊಸದೇನಲ್ಲ, ಮೈಕೈ ನೋವಿಗೆ ಮನುಷ್ಯರೂ ನುಂಗುವ ಮಾತ್ರೆ. ದನದ ಕಾಲು ಊದಿದರೆ, ಜ್ವರ ಬಂದರೆ, ಕೆಚ್ಚಲು ಬಾವು ಆದರೆ ಇದೇ ಔಷಧದ ಚುಚ್ಚುಮದ್ದು ಕೊಡುವುದು 1990ರ ದಶಕದಲ್ಲಿ ರೂಢಿಯಾಯಿತು. ಅಗ್ಗ, ಬೇಗ ನೋವು ಇಳಿಸುತ್ತದೆ. ಸಾಯುವ ಸ್ಥಿತಿಯಲ್ಲಿರುವ ಮುದಿ ದನಕ್ಕೆ ನೋವು ಕಡಿಮೆಯಾಗಲಿ ಎಂದು ರೈತ ಕೊಡಿಸುವ ಕೊನೆಯ ಮದ್ದೂ ಅದೇ. ಎರಡು ದಿನದೊಳಗೆ ದನ ಸತ್ತರೆ ಔಷಧ ಮಾಂಸದಲ್ಲೇ ಉಳಿದಿರುತ್ತದೆ. ಊರಾಚೆ ಹಾಕಿದ ಆ ಕಳೇಬರಕ್ಕೆ ಹತ್ತಾರು ರಣಹದ್ದುಗಳು ಒಟ್ಟಿಗೆ ಇಳಿಯುತ್ತವೆ. ಒಂದೇ ಊಟ ಸಾಕು. ಈ ಕಥೆಯಲ್ಲಿ ಖಳನಾಯಕ ಯಾರೂ ಇಲ್ಲದಿರುವುದೇ ಸಮಸ್ಯೆಯನ್ನು ಇಷ್ಟು ಕಷ್ಟವಾಗಿಸಿದೆ.

ಎಷ್ಟು ಕಳೇಬರಗಳಲ್ಲಿ ವಿಷವಿದ್ದರೆ ಹಕ್ಕಿ ಈ ವೇಗದಲ್ಲಿ ನಾಶವಾಗುತ್ತದೆ ಎಂದು ವಿಜ್ಞಾನಿಗಳು ಲೆಕ್ಕ ಹಾಕಿದರು. ಬಂದ ಉತ್ತರ: ನೂರಕ್ಕೆ ಒಂದಕ್ಕಿಂತಲೂ ಕಡಿಮೆ. ಆದರೆ ಭಾರತದಲ್ಲಿ ಸತ್ತ ದನಗಳ ಯಕೃತ್ತಿನ ಮಾದರಿ ಪರೀಕ್ಷಿಸಿದಾಗ ನೂರರಲ್ಲಿ ಸುಮಾರು ಹತ್ತರಲ್ಲಿ ಡೈಕ್ಲೋಫೆನಾಕ್ ಅಂಶ ಪತ್ತೆಯಾಗಿತ್ತು.

ಗ್ರಾಹಕರ ವೇಷದಲ್ಲಿ ಸಮೀಕ್ಷೆ

2006ರಲ್ಲಿ ಭಾರತ ಪಶುಗಳಿಗೆ ಡೈಕ್ಲೋಫೆನಾಕ್ ಬಳಸುವುದನ್ನು ನಿಷೇಧಿಸಿತು. ನಿಷೇಧದ ಬಳಿಕ ನಡೆದ ನಿಗಾ ಕೆಲಸದ ಬಗ್ಗೆ ನಾವು ಓದುವುದು ಕಡಿಮೆ. ಸಂಶೋಧಕರ ತಂಡಗಳು ಮೆಡಿಕಲ್ ಶಾಪ್‌ಗಳಿಗೆ ದನ ಸಾಕುವವರಂತೆ ಹೋಗಿ, "ಹಸುವಿಗೆ ನೋವಿನ ಇಂಜೆಕ್ಷನ್ ಕೊಡಿ" ಎಂದು ಕೇಳುತ್ತವೆ. ಅಂಗಡಿಯವರು ಏನು ಕೊಡುತ್ತಾರೆ ಎಂಬುದೇ ದತ್ತಾಂಶ. ನಿಷೇಧದ ನಂತರವೂ ಭಾರತದ ಎಷ್ಟೋ ಅಂಗಡಿಗಳಲ್ಲಿ ಡೈಕ್ಲೋಫೆನಾಕ್ ಕೈಗೆ ಬಂತು. ಬಹಳಷ್ಟು ಕಡೆ ಅದು ಮನುಷ್ಯರಿಗೆಂದು ತಯಾರಾದ 30 ಮಿಲಿಯ ದೊಡ್ಡ ಬಾಟಲಿ. ಮನುಷ್ಯನಿಗೆ ಒಂದು ಸಲಕ್ಕೆ ಬೇಕಾಗುವುದು 3 ಮಿಲಿ. ದನಕ್ಕೆ ಮಾತ್ರ ದೊಡ್ಡ ಬಾಟಲಿಯೇ ಅನುಕೂಲ!

ಈ ಸಮೀಕ್ಷೆಗಳ ಆಧಾರದಲ್ಲೇ 2015ರಲ್ಲಿ ಕೇಂದ್ರ ಸರ್ಕಾರ ಮನುಷ್ಯರ ಚುಚ್ಚುಮದ್ದನ್ನೂ 3 ಮಿಲಿಯ ಒಂದೇ ಡೋಸ್‌ಗೆ ಸೀಮಿತಗೊಳಿಸಿತು. ಔಷಧ ಕಂಪನಿಗಳು ಕೋರ್ಟ್ ಮೆಟ್ಟಿಲೇರಿದವು. 2017ರಲ್ಲಿ ಮದ್ರಾಸ್ ಹೈಕೋರ್ಟ್ ಸರ್ಕಾರದ ಆದೇಶವನ್ನು ಎತ್ತಿಹಿಡಿಯಿತು.

ಅಷ್ಟರಲ್ಲಿ ಬೇರೆ ಔಷಧಗಳು ಆ ಜಾಗಕ್ಕೆ ಬಂದಿದ್ದವು. ಕೀಟೊಪ್ರೊಫೆನ್ ಕೂಡ ರಣಹದ್ದಿಗೆ ವಿಷ. ಅಸೆಕ್ಲೋಫೆನಾಕ್ ಅಂತೂ ದನದ ದೇಹ ಸೇರಿದ ಮೇಲೆ ಡೈಕ್ಲೋಫೆನಾಕ್ ಆಗಿಯೇ ಬದಲಾಗುತ್ತದೆ. ಹೆಸರು ಬೇರೆ, ವಿಷ ಅದೇ. ಇವೆರಡನ್ನೂ 2023ರ ಜುಲೈನಲ್ಲಿ, ನಿಮೆಸುಲೈಡ್ ಅನ್ನು 2024ರ ಡಿಸೆಂಬರ್ ಕೊನೆಯಲ್ಲಿ ಪಶು ಬಳಕೆಗೆ ನಿಷೇಧಿಸಲಾಯಿತು. ಮೊದಲ ನಿಷೇಧದಿಂದ ಇಲ್ಲಿಗೆ 18 ವರ್ಷ. ಮೊದಲು ಹಕ್ಕಿ ಸಾಯುತ್ತದೆ, ಆಮೇಲೆ ಔಷಧ ಪರೀಕ್ಷೆಯಾಗುತ್ತದೆ. ಈ ಕ್ರಮ ತಿರುಗಬೇಕು, ಪಶು ಔಷಧ ಮಾರುಕಟ್ಟೆಗೆ ಬರುವ ಮುಂಚೆಯೇ ರಣಹದ್ದಿಗೆ ಸುರಕ್ಷಿತವೇ ಎಂದು ನೋಡಬೇಕು ಎಂಬುದು ಸಂರಕ್ಷಣೆಯಲ್ಲಿ ತೊಡಗಿರುವವರ ಒತ್ತಾಯ. ನನಗೂ ಅದು ಸರಿ ಎನಿಸುತ್ತದೆ.

ನೇಪಾಳ ಕೂಡ 2006ರಲ್ಲೇ ಡೈಕ್ಲೋಫೆನಾಕ್ ನಿಷೇಧಿಸಿತ್ತು. ಅಲ್ಲಿನ ಅಂಗಡಿಗಳಿಂದ ಅದು ಬಹುಮಟ್ಟಿಗೆ ಮಾಯವಾಯಿತು. ಕೆಲವು ವರ್ಷಗಳ ನಂತರ ಬಿಳಿ ಬೆನ್ನಿನ ರಣಹದ್ದುಗಳು ನಿಧಾನವಾಗಿ ಚೇತರಿಸಿಕೊಳ್ಳತೊಡಗಿದವು.

ಹಕ್ಕಿ ಇಲ್ಲದಿದ್ದರೆ ಏನಾಯಿತು?

ರಣಹದ್ದುಗಳ ಹಿಂಡು ಒಂದು ದನದ ಕಳೇಬರವನ್ನು ಗಂಟೆಯೊಳಗೆ ಎಲುಬು ಮಾತ್ರ ಉಳಿಯುವಂತೆ ಮುಗಿಸಬಲ್ಲದು. ಅವು ಹೋದ ಮೇಲೆ ಆ ಜಾಗಕ್ಕೆ ನಾಯಿ, ಇಲಿಗಳು ಬಂದವು. ಕೊಳೆತ ಮಾಂಸ ನೀರಿಗೆ ಸೇರಿತು. ಇಯಾಲ್ ಫ್ರ್ಯಾಂಕ್ ಮತ್ತು ಅನಂತ್ ಸುದರ್ಶನ್ ಎಂಬ ಅರ್ಥಶಾಸ್ತ್ರಜ್ಞರು ಮೊದಲು ರಣಹದ್ದು ಹೆಚ್ಚಿದ್ದ ಜಿಲ್ಲೆಗಳನ್ನೂ ಅವು ಇಲ್ಲದಿದ್ದ ಜಿಲ್ಲೆಗಳನ್ನೂ ಹೋಲಿಸಿದರು. ಹಕ್ಕಿ ಕಣ್ಮರೆಯಾದ ಕಡೆ ಮನುಷ್ಯರ ಮರಣ ಪ್ರಮಾಣ ಶೇ 4ಕ್ಕಿಂತ ಹೆಚ್ಚು ಏರಿತ್ತು. 2000ದಿಂದ 2005ರವರೆಗೆ ಸುಮಾರು 5 ಲಕ್ಷ ಹೆಚ್ಚುವರಿ ಸಾವು ಎಂಬುದು 2024ರಲ್ಲಿ ಪ್ರಕಟವಾದ ಅವರ ಅಂದಾಜು.

ಮುಂಬೈನ ಓದುಗರಿಗೆ ಇನ್ನೊಂದು ಉದಾಹರಣೆ ಮನೆಯ ಹತ್ತಿರವೇ ಇದೆ. ಮಲಬಾರ್ ಹಿಲ್‌ನ ಡೂಂಗರ್‌ವಾಡಿಯಲ್ಲಿ ಪಾರ್ಸಿಗಳು ಶವಗಳನ್ನು ಒಪ್ಪಿಸುತ್ತಿದ್ದುದು ಈ ಹಕ್ಕಿಗಳಿಗೆ. ಹಕ್ಕಿಗಳು ಬರದಾದಾಗ ಬಿಸಿಲನ್ನು ಕೇಂದ್ರೀಕರಿಸುವ ಸೌರ ಉಪಕರಣಗಳನ್ನು ತರಬೇಕಾಯಿತು.

ರಾಮನಗರದ ಬಂಡೆ ಮತ್ತು ಅದರಾಚೆ

ಹರಿಯಾಣದ ಪಿಂಜೋರ್ ಕೇಂದ್ರದಲ್ಲಿ ರಣಹದ್ದುಗಳನ್ನು ಸಾಕಿ, ಮರಿ ಮಾಡಿಸಿ, ಬೆನ್ನಿಗೆ ಉಪಗ್ರಹ ಟ್ಯಾಗ್ ಕಟ್ಟಿ ಬಿಡಲಾಗುತ್ತಿದೆ. ಟ್ಯಾಗ್‌ನಿಂದ ಆಗುವ ದೊಡ್ಡ ಉಪಯೋಗವೆಂದರೆ, ಹಕ್ಕಿ ಒಂದೇ ಕಡೆ ಅಲುಗಾಡದೆ ಉಳಿದರೆ ತಂಡ ಅಲ್ಲಿಗೆ ಹೋಗಬಹುದು. ಸತ್ತಿದ್ದರೆ ಯಾವ ಔಷಧದಿಂದ ಎಂದು ಪರೀಕ್ಷಿಸಬಹುದು. ಮಹಾರಾಷ್ಟ್ರದ ತಾಡೋಬಾದಲ್ಲಿ 2024ರಲ್ಲಿ ಬಿಟ್ಟ ಒಂದು ಹಕ್ಕಿ ತಮಿಳುನಾಡಿನವರೆಗೆ ಹಾರಿದ್ದು ಗೊತ್ತಾದದ್ದೂ ಹೀಗೆಯೇ.

ಇಷ್ಟು ದೂರ ಹಾರುವ ಹಕ್ಕಿಗೆ ಬೇಲಿ ಹಾಕಿದ ಅಭಯಾರಣ್ಯ ಎಷ್ಟು ದೊಡ್ಡದಿದ್ದರೂ ಚಿಕ್ಕದೇ. ನಮ್ಮ ರಾಮನಗರದ ರಾಮದೇವರಬೆಟ್ಟವನ್ನು 2012ರಲ್ಲಿ ರಣಹದ್ದು ಧಾಮವೆಂದು ಘೋಷಿಸಲಾಯಿತು. 'ಶೋಲೆ' ಚಿತ್ರೀಕರಣವಾದ ಅದೇ ಬಂಡೆಗಳು. ಉದ್ದ ಕೊಕ್ಕಿನ ರಣಹದ್ದು ಗೂಡು ಕಟ್ಟುವುದು ಇಂಥ ಕಡಿದಾದ ಬಂಡೆಗಳ ಮೇಲೆಯೇ. ಧಾಮದ ವಿಸ್ತೀರ್ಣ ಸುಮಾರು 346 ಹೆಕ್ಟೇರ್. ಈಗ ಅಲ್ಲಿರುವುದು ಬೆರಳೆಣಿಕೆಯಷ್ಟು ಹಕ್ಕಿ. ಗೂಡಿಗೆ ರಕ್ಷಣೆ ಇದೆ, ಆದರೆ ಊಟ ಸಿಗುವುದು ಧಾಮದ ಹೊರಗೆ. ಆದ್ದರಿಂದಲೇ ಗೂಡಿನ ಸುತ್ತ 100 ಕಿಲೋಮೀಟರ್ ವ್ಯಾಪ್ತಿಯ ಅಂಗಡಿಗಳಲ್ಲಿ ವಿಷಕಾರಿ ಔಷಧ ಸಿಗದಂತೆ ಮಾಡುವ 'ರಣಹದ್ದು ಸುರಕ್ಷಿತ ವಲಯ'ದ ಕಲ್ಪನೆ ಬಂದಿರುವುದು.

ಊರಿನ ಮನೆಯಲ್ಲಿ ದನ ಇರುವವರು ತಿಳಿದಿರಬೇಕಾದ ಎರಡು ಹೆಸರು: ಮೆಲಾಕ್ಸಿಕ್ಯಾಮ್ ಮತ್ತು ಟೋಲ್ಫೆನಾಮಿಕ್ ಆಮ್ಲ. ಪರೀಕ್ಷೆಯಲ್ಲಿ ರಣಹದ್ದುಗಳಿಗೆ ಸುರಕ್ಷಿತ ಎಂದು ಕಂಡುಬಂದ ನೋವು ನಿವಾರಕಗಳಿವು. ದನದ ಡಾಕ್ಟರು ಮುಂದಿನ ಸಲ ಚುಚ್ಚುಮದ್ದು ಬರೆದಾಗ, ಇವುಗಳಲ್ಲಿ ಒಂದನ್ನು ಕೊಡಬಹುದೇ ಎಂದು ಕೇಳಿ ನೋಡಿ.