ಒಂದೇ ಊರು, ಮೂರು ಹೆಸರು

ಪೂರ್ವ ಬೆಂಗಳೂರಿನ ತೂಗುಸೇತುವೆ ಬಳಿ ನಿಂತು ಊರಿನ ಹೆಸರು ಕೇಳಿದರೆ ಒಬ್ಬರು ಕೃಷ್ಣರಾಜಪುರ ಅನ್ನುತ್ತಾರೆ, ಇನ್ನೊಬ್ಬರು ಕೆ.ಆರ್. ಪುರ, ಮತ್ತೊಬ್ಬರು ಕೆ.ಆರ್. ಪುರಂ. ಕೇಳಿದವರಿಗೆ ಮೂರೂ ಒಂದೇ. ಕಂಪ್ಯೂಟರಿಗೆ ಮಾತ್ರ ಬೇರೆ ಬೇರೆ.

ಏಕೆಂದು ತಿಳಿಯಲು ಕನ್ನಡ ವಿಕಿಪೀಡಿಯದ ಹುಡುಕಾಟವನ್ನೇ ನೋಡಿ. 2003ರಲ್ಲಿ ಶುರುವಾದ ಅದು ನಡೆಯುವುದು ಮೀಡಿಯಾವಿಕಿ ಎಂಬ ಮುಕ್ತ ತಂತ್ರಾಂಶದ ಮೇಲೆ. ಅಲ್ಲಿ ಏನಾದರೂ ಹುಡುಕಿದರೆ ಅದು ಲೇಖನಗಳನ್ನು ಒಂದೊಂದಾಗಿ ಓದುತ್ತ ಕೂರುವುದಿಲ್ಲ. ಪುಸ್ತಕದ ಕೊನೆಯ ಪದಸೂಚಿಯಂತೆ, ಯಾವ ಪದ ಎಲ್ಲಿದೆ ಎಂದು ಮೊದಲೇ ಬರೆದಿಟ್ಟುಕೊಂಡಿರುತ್ತದೆ.

ಕನ್ನಡದ ತೊಡಕು ಇಲ್ಲೇ. ಕೃಷ್ಣರಾಜಪುರದಲ್ಲಿ, ಕೃಷ್ಣರಾಜಪುರಕ್ಕೆ, ಕೃಷ್ಣರಾಜಪುರದಿಂದ... ವಿಭಕ್ತಿ ಅಂಟಿದೊಡನೆ ಸೂಚಿಗೆ ಅದು ಹೊಸ ಪದ. ಪ್ರತ್ಯಯ ಕಳಚಿ ಮೂಲಪದಕ್ಕೆ ಇಳಿಸುವ ಸಾಧನ ಬೇಕು. ಇಂಥ ಹುಡುಕಾಟಗಳ ಬುನಾದಿಯಾದ ತಂತ್ರಾಂಶ ಲೂಸೀನ್‌ನಲ್ಲಿ ಹಿಂದಿ, ಬಂಗಾಳಿ, ತಮಿಳು, ತೆಲುಗಿಗೆ ಅದು ಸಿದ್ಧವಾಗಿದೆ. ಕನ್ನಡಕ್ಕೂ ಬರಲೇಬೇಕು, ಕನ್ನಡ ಬಲ್ಲ ತಂತ್ರಜ್ಞರು ಕೈಹಾಕಬೇಕಾದ ಕೆಲಸವಿದು.

ಕಣ್ಣಿಗೆ ಕಾಣದ ತೊಡಕೂ ಒಂದಿದೆ. ‘ರ‍್ಯಾಲಿ’ ಎಂದು ಟೈಪ್ ಮಾಡುವಾಗ ಅಕ್ಷರಗಳ ನಡುವೆ ಅದೃಶ್ಯ ಜೋಡಕವೊಂದು ಸೇರಿಕೊಳ್ಳುತ್ತದೆ. ಒಬ್ಬರು ಅದನ್ನು ಹಾಕಿ, ಇನ್ನೊಬ್ಬರು ಬಿಟ್ಟರೆ ಪದಗಳು ಕೂಡುವುದಿಲ್ಲ. ಸೂಚಿ ಕಟ್ಟುವಾಗಲೇ ಅದನ್ನು ಸೋಸಿ ತೆಗೆಯಬೇಕು.

ಹೆಸರುಗಳ ಗೊಂದಲಕ್ಕೆ ಮದ್ದು ಸುಲಭ. ವಿಕಿಪೀಡಿಯದಲ್ಲಿ ‘ಕೆ.ಆರ್. ಪುರ’ ಎಂಬ ಪುನರ್ನಿರ್ದೇಶನ ಪುಟ ತೆರೆದು ಮೂಲ ಲೇಖನಕ್ಕೆ ದಾರಿ ತೋರಿಸಿದರೆ ಆಯಿತು. ಜಾಲತಾಣಗಳ ತಂತ್ರಾಂಶವಾದ ದ್ರುಪಾಲ್‌ನಲ್ಲಿ ಕಟ್ಟಿದ ದೊಡ್ಡ ತಾಣಗಳು ಸೋಲರ್ ಎಂಬ ಹುಡುಕು ಯಂತ್ರ ಬಳಸಿದರೆ, ಅಲ್ಲಿ ಸಮಾನಪದಗಳ ಕಡತವಿರುತ್ತದೆ. ಅದಕ್ಕೆ ಸೇರಿಸಬೇಕಾದದ್ದು ಒಂದೇ ಸಾಲು: ಕೃಷ್ಣರಾಜಪುರ, ಕೆ.ಆರ್. ಪುರ, ಕೆ.ಆರ್. ಪುರಂ.